ಆಹಾರ ಮಂತ್ರಿಗೆ ಉಗ್ರಾಣದ ಬಾಗಿಲು ತೆಗೆಯಿರಿ

ಮಾನ್ಯ ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಚಿಕ್ಕಬಳ್ಳಾಪುರ ಜಿಲ್ಲೆ.
ಜೊತೆಗೆ ಜಿಲ್ಲೆಯ ಎಲ್ಲಾ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇರುವ ನನ್ನಂಥ ಅಪ್ಪ ಅಮ್ಮಂದಿರಿಗೆ.

ನಮಸ್ಕಾರ ಸಾರ್.

ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ, ಅಷ್ಟೇ ನನ್ನ ಆಸ್ತಿ. ಓದಿದ್ದು ಪಿಯುಸಿವರೆಗೆ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ಸದಸ್ಯನಾಗಿದ್ದೆ. ಮಗಳು ಅಲ್ಲೇ 7ನೇ ತರಗತಿ ಮುಗಿಸಿ ಈಗ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಶಾಲೆಯಲ್ಲಿ ಮಕ್ಕಳನ್ನು ಮಂತ್ರಿ, ಲೀಡರ್ ಅಂತ ಮಾಡುತ್ತೇವೆ, ನಿಜವಾದ ಕೆಲಸ ಮಾತ್ರ ಕೊಡಲ್ಲ ಅನ್ನುವುದು ನನ್ನ ಮಾತು. ಇದನ್ನೆಲ್ಲ ನಿಮ್ಮ ಕಚೇರಿಗೇ ಬಂದು ಹೇಳಬಹುದಿತ್ತು. ಆದರೆ ಆಗ ಇದು ದೂರು ಆಗುತ್ತೆ. ಯಾರೋ ಒಬ್ಬ ಮೇಷ್ಟ್ರಿಗೆ ನೋಟಿಸ್ ಹೋಗುತ್ತೆ, ವಿಷಯ ಅಲ್ಲಿಗೆ ಮುಗಿಯುತ್ತೆ. ಅದಕ್ಕೇ ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಮಗಳು 7ನೇ ತರಗತಿಯಲ್ಲಿದ್ದಾಗ ಶಾಲಾ ಸಂಸತ್ತಿನಲ್ಲಿ ಆಹಾರ ಮಂತ್ರಿ ಆಗಿದ್ದಳು. ಚುನಾವಣೆ ಭರ್ಜರಿಯಾಗಿ ನಡೆಯಿತು. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಮೊಬೈಲ್‌ನಲ್ಲೇ ಮತಯಂತ್ರ. ಪ್ರಮಾಣ ವಚನ ಆಯಿತು. ಎದೆಗೆ ಬ್ಯಾಡ್ಜ್ ಬಂತು. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಯಿತು. ನಾನೂ ಸ್ಟೇಟಸ್ ಹಾಕಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಒಂದು ತಿಂಗಳು ಕಳೆದಿರಬೇಕು. ರಾತ್ರಿ ಹುಳಕ್ಕೆ ಸೊಪ್ಪು ಹಾಕುತ್ತಾ ತಮಾಷೆಗೆ ಕೇಳಿದೆ. "ಏನಮ್ಮಾ ಮಂತ್ರಿಗಳೇ, ನಿಮ್ಮ ಶಾಲೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಯುತ್ತೆ?"

"ನಂಗೇನ್ ಗೊತ್ತಪ್ಪಾ? ತಟ್ಟೆ ಹಿಡ್ಕೊಂಡು ಸಾಲಾಗಿ ನಿಲ್ಲಿಸೋದು ನನ್ ಕೆಲಸ."

ಅದು ತಪ್ಪು ಉತ್ತರ ಅಲ್ಲ. ಅವಳಿಗೆ ಕೊಟ್ಟಿದ್ದ ಕೆಲಸ ಅಷ್ಟೇ. ಉಗ್ರಾಣದ ಕೋಣೆಯೊಳಗೆ ಆಹಾರ ಮಂತ್ರಿ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಈಗ ಅದೇ ಹುಡುಗಿ ಮನೆಯಲ್ಲಿ ಏನು ಮಾಡುತ್ತಾಳೆ ಅಂತ ಹೇಳುತ್ತೇನೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಹುಳ ಹೆಚ್ಚುಕಡಿಮೆ ಒಂದು ವಾರ ಎಡೆಬಿಡದೆ ತಿನ್ನುತ್ತೆ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಆ ಒಂದೇ ವಾರದಲ್ಲಿ ಖರ್ಚಾಗುತ್ತೆ. ಆಮೇಲೆ ಹುಳ ಹಣ್ಣಾಗುತ್ತೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಬೇಕು. ಬೇಗ ಬಿಟ್ಟರೆ ಕಟ್ಟದೆ ಸುಮ್ನೆ ಓಡಾಡುತ್ತೆ. ತಡವಾದರೆ ತಟ್ಟೆಯಲ್ಲೇ ನೂಲು ಸುರಿಸಿ ಹಾಳು ಮಾಡುತ್ತೆ. ಇವತ್ತು ರಾತ್ರಿ ಬಿಡೋದಾ, ಬೆಳಗ್ಗೆ ಬಿಡೋದಾ ಅನ್ನುವುದು ದುಡ್ಡಿನ ತೀರ್ಮಾನ. ನಮ್ಮ ಮನೆಯಲ್ಲಿ ಎರಡು ಬೆಳೆಯಿಂದ ಆ ತೀರ್ಮಾನ ಮಗಳದ್ದು. ಹುಳದ ಮೈ ನೋಡಿ ಹೇಳುತ್ತಾಳೆ. ಒಂದು ಸಲ ಆತುರ ಮಾಡಿದಳು, ಒಂದಷ್ಟು ಗೂಡು ಜಾಳಾಯಿತು. ಮಾರುಕಟ್ಟೆಯಲ್ಲಿ ರೇಟು ಕಡಿಮೆ ಬಂತು. ಅವಳ ಮುಂದೆಯೇ ಲೆಕ್ಕ ಹೇಳಿದೆ, ಬೈಯಲಿಲ್ಲ. ಮುಂದಿನ ಬೆಳೆಗೆ ಟಾರ್ಚ್ ಹಿಡಿದು ಮೂರು ಸಲ ಎದ್ದು ನೋಡಿದಳು.

ಹುಳದ ಮನೆಯ ಬೀಗದ ಕೈ ಅವಳ ಹತ್ತಿರ ಇರುತ್ತೆ. ಶಾಲೆಯಲ್ಲಿ ಪುಸ್ತಕದ ಬೀರುವಿನ ಬೀಗದ ಕೈಯೂ ಅವಳಿಗೆ ಸಿಗಲ್ಲ. ನಾನು ಹೇಳಬೇಕಾಗಿದ್ದು ಇಷ್ಟೇ ಸಾರ್. ಮುಂದಿನದೆಲ್ಲ ಇದರದೇ ವಿವರ.

ಅಕ್ಕಿಯ ಲೆಕ್ಕಕ್ಕೆ ವಾಪಸ್ ಬರುತ್ತೇನೆ. ಬಿಸಿಯೂಟದ ಅಳತೆ ಎಲ್ಲಾ ಶಾಲೆಗೂ ಒಂದೇ. 5ನೇ ತರಗತಿವರೆಗೆ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ ಮೇಲಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ನಮ್ಮ ಶಾಲೆಯಲ್ಲಿ ಆಗ ಚಿಕ್ಕವರು 80, ದೊಡ್ಡವರು 60 ಇದ್ದರು. 8 ಕೆಜಿ, ಅದಕ್ಕೆ 9 ಕೆಜಿ ಸೇರಿಸಿದರೆ 17 ಕೆಜಿ. 7ನೇ ತರಗತಿಯ ಮಗುವಿಗೆ ಇದು ಒಂದು ನಿಮಿಷದ ಗಣಿತ. ಹಾಜರಾತಿ ನೋಡಿ ಇವತ್ತು ಎಷ್ಟು ಅಕ್ಕಿ ಹಾಕಬೇಕು ಅಂತ ಆಹಾರ ಮಂತ್ರಿ ಬೆಳಗ್ಗೆ ಒಂದು ಚೀಟಿ ಬರೆದು ಅಡುಗೆಯವರಿಗೆ ಕೊಡಲಿ. ಮೇಷ್ಟ್ರು ಸಹಿ ಹಾಕಲಿ. ಸಂಜೆ ಎಷ್ಟು ಮಿಕ್ಕಿತು ಅಂತ ಅವಳೇ ಬರೆದಿಡಲಿ. ಸೋಮವಾರ ಯಾಕೆ ಜಾಸ್ತಿ ಮಿಗುತ್ತೆ, ಸಂತೆ ದಿನ ಯಾಕೆ ಮಕ್ಕಳು ಕಡಿಮೆ ಬರುತ್ತಾರೆ ಅಂತ ಒಂದು ತಿಂಗಳಲ್ಲಿ ಅವಳಿಗೇ ಗೊತ್ತಾಗುತ್ತೆ. ಇದಕ್ಕೆ ಒಂದು ರೂಪಾಯಿಯೂ ಬೇಡ. ಒಂದು ನೋಟ್‌ಬುಕ್ ಸಾಕು.

"ಮಕ್ಕಳ ಕೈಗೆ ಅಕ್ಕಿ ಲೆಕ್ಕ ಕೊಟ್ಟರೆ ನಾಳೆ ಊರೆಲ್ಲ ಮಾತಾಡುತ್ತೆ" ಅಂತ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಅಂದರು. ಮಾತಾಡಲಿ ಬಿಡಿ, ಲೆಕ್ಕ ಸರಿಯಾಗಿದ್ದರೆ ಭಯ ಯಾಕೆ ಅಂತ ಕೇಳಿದೆ. ಸಭೆ ಬೇರೆ ವಿಷಯಕ್ಕೆ ಹೋಯಿತು.

ಕ್ಲಾಸ್ ಲೀಡರ್ ವಿಷಯ ಇನ್ನೂ ವಿಚಿತ್ರ. ನಮ್ಮ ಕಾಲದಲ್ಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವುದು ಲೀಡರ್ ಕೆಲಸ. ಜಾಸ್ತಿ ಮಾತಾಡಿದರೆ ಹೆಸರಿನ ಮುಂದೆ ಗುಣಿಸು ಚಿಹ್ನೆ. ಗೆಳೆಯನಾದರೆ ಒರೆಸುವುದು, ಆಗದವನಾದರೆ ಎರಡು ಗೆರೆ ಜಾಸ್ತಿ. ಹತ್ತು ವರ್ಷದ ಮಗುವಿಗೆ ನಾವು ಕಲಿಸುವ ಮೊದಲ ಅಧಿಕಾರ ಇದು. ಜೊತೆಯವರ ಮೇಲೆ ಚಾಡಿ ಹೇಳುವ ಅಧಿಕಾರ. ಅದರ ಬದಲು ಇವತ್ತು ಬರದವರ ಮನೆಗೆ ಸಂಜೆ ಹೋಗಿ ಪಾಠ ಏನಾಯಿತು ಅಂತ ಹೇಳಿ ಬರುವ ಕೆಲಸ ಕೊಟ್ಟು ನೋಡಿ. ಲೀಡರ್ ಅಂದರೆ ತರಗತಿಯಲ್ಲಿ ಬೇರೆಯೇ ಅರ್ಥ ಬರುತ್ತೆ.

ಆ ಲೀಡರ್‌ನನ್ನು ಆರಿಸುವುದು ಹೇಗೆ? ಚೆನ್ನಾಗಿ ಮಾರ್ಕ್ಸ್ ತೆಗೆಯುವವರು, ಇಲ್ಲವೇ ಮೈಕ್ ಮುಂದೆ ತಡವರಿಸದೆ ಮಾತಾಡುವವರು. ನಮ್ಮ ಕಡೆ ಇದರಲ್ಲಿ ಇನ್ನೊಂದು ತೊಡಕಿದೆ. ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇತ್ತೀಚೆಗೆ ಕನಸಲ್ಲಿ ಇಂಗ್ಲಿಷ್. ಮಾತು ನಿಧಾನ ಆದ ಮಗುವಿಗೆ ಬುದ್ಧಿಯೂ ನಿಧಾನ ಅಂತ ನಾವೇ ತೀರ್ಮಾನಿಸಿಬಿಡುತ್ತೇವೆ. ವರ್ಷಪೂರ್ತಿ ಅದೇ ಎರಡು ಮಕ್ಕಳು. ಸ್ವಾತಂತ್ರ್ಯ ದಿನಕ್ಕೂ ಅವರೇ, ಪ್ರತಿಭಾ ಕಾರಂಜಿಗೂ ಅವರೇ, ಅಧಿಕಾರಿಗಳು ಬಂದಾಗ ಹೂವು ಕೊಡುವುದಕ್ಕೂ ಅವರೇ. ತಿಂಗಳಿಗೊಬ್ಬರಂತೆ ಸರದಿ ಹಾಕಿದರೆ ಏನು ನಷ್ಟ?

ನಾನು ಕಣ್ಣಾರೆ ಕಂಡ ಒಂದು ಕತೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ ಸಾರ್.

ನಮ್ಮ ಶಾಲೆಯಲ್ಲಿ 140 ಮಕ್ಕಳಿಗೆ ನಾಲ್ಕು ನಲ್ಲಿ. ಮಧ್ಯಾಹ್ನ ಬೆಲ್ ಹೊಡೆದರೆ ಕೈ ತೊಳೆಯಲು ನೂಕುನುಗ್ಗಲು. ಚಿಕ್ಕವರು ಬೀಳುತ್ತಿದ್ದರು, ಅಳುತ್ತಿದ್ದರು. ದಿನಾ ಒಬ್ಬ ಮೇಷ್ಟ್ರು ಕೋಲು ಹಿಡಿದು ನಿಲ್ಲಬೇಕಿತ್ತು. ಆ ವರ್ಷ ಅತಿಥಿ ಶಿಕ್ಷಕಿಯೊಬ್ಬರು ಬಂದಿದ್ದರು. ಅವರು 7ನೇ ತರಗತಿಯ ಆರು ಮಕ್ಕಳನ್ನು ಕರೆದು ಹೇಳಿದ್ದು ಒಂದೇ ಮಾತು. "ಒಂದು ವಾರ ನೀವು ಏನೂ ಮಾಡಬೇಡಿ. ನಿಂತು ನೋಡಿ. ಆಮೇಲೆ ಹೇಳಿ."

ಮಕ್ಕಳು ನೋಡಿದರು. ಗಡಿಯಾರ ಇಟ್ಟುಕೊಂಡು ಬರೆದರು. ನೂಕುವುದು ದೊಡ್ಡ ಹುಡುಗರು ಅಂತ ನಾವೆಲ್ಲ ಅಂದುಕೊಂಡಿದ್ದೆವು. ವಿಷಯ ಅದಲ್ಲ. ನಲ್ಲಿ ಎತ್ತರದಲ್ಲಿತ್ತು. ಒಂದನೇ ಎರಡನೇ ತರಗತಿಯವರಿಗೆ ಎಟುಕುತ್ತಿರಲಿಲ್ಲ. ಒಬ್ಬೊಬ್ಬರೂ ಹಾರಿ ಹಾರಿ ತಿರುಗಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆಯುತ್ತಿತ್ತು. ಮಕ್ಕಳು ತೀರ್ಮಾನಿಸಿದರು: ಚಿಕ್ಕವರನ್ನು ಹತ್ತು ನಿಮಿಷ ಮುಂಚೆ ಬಿಡಬೇಕು, ನಲ್ಲಿ ಕೆಳಗೆ ಎರಡು ಸಾಲು ಇಟ್ಟಿಗೆ ಹಾಕಬೇಕು.

ಮೊದಲ ದಿನವೇ ಕೆಟ್ಟಿತು. ಚಿಕ್ಕವರು ಕೈ ತೊಳೆದು ಬಂದು ಕೂತರು, ಅನ್ನ ಇನ್ನೂ ಬೆಂದಿರಲಿಲ್ಲ. ಅಡುಗೆ ಅಕ್ಕ ಸಿಡಿದರು. "ನನ್ನ ಕೇಳಿದ್ರಾ? ಟೈಮ್ ಬದಲಾಯಿಸೋಕೆ ನೀವ್ಯಾರು?" ಅಂದರು. ಮಕ್ಕಳ ಮುಖ ಸಪ್ಪಗಾಯಿತು. ಮುಖ್ಯ ಶಿಕ್ಷಕರು ಅಲ್ಲಿಗೇ ನಿಲ್ಲಿಸಿಬಿಡೋಣ ಅಂದರು. ಆ ಮೇಡಂ ಮಾತ್ರ ಸುಮ್ಮನಿದ್ದರು. "ಅಕ್ಕನ ಹತ್ರ ನೀವೇ ಹೋಗಿ ಮಾತಾಡಿ" ಅಂತ ಕಳಿಸಿದರು. ಮಕ್ಕಳು ಹೋಗಿ ಮೊದಲು ಕ್ಷಮೆ ಕೇಳಿದರು. ಆಮೇಲೆ ಮಾತುಕತೆ. ಹತ್ತು ನಿಮಿಷ ಆಗಲ್ಲ, ಐದು ನಿಮಿಷ ಆಗುತ್ತೆ ಅಂದರು ಅಕ್ಕ. ಅದಕ್ಕೆ ಬದಲಾಗಿ ದೊಡ್ಡವರು ಇಬ್ಬರು ಬಡಿಸಲು ಬರಬೇಕು. ಒಪ್ಪಂದ ಆಯಿತು. ಒಂದು ವಾರದಲ್ಲಿ ಕೋಲು ಹಿಡಿದು ನಿಲ್ಲುವ ಮೇಷ್ಟ್ರು ಬೇಕಾಗಲಿಲ್ಲ.

ಆ ಆರು ಮಕ್ಕಳಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಗಡಿಯಾರ ನೋಡಿ ಬರೆಯುತ್ತಿದ್ದವನು ಅವನೇ. ಅಡುಗೆ ಅಕ್ಕನ ಹತ್ತಿರ ಉಳಿದವರೆಲ್ಲ ತಡವರಿಸಿದಾಗ ನೋಟ್‌ಬುಕ್ ತೆಗೆದು ಮುಂದೆ ಹಿಡಿದವನೂ ಅವನೇ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಅವನ ಹೆಸರನ್ನು ಯಾರೂ ಸೂಚಿಸಿಯೇ ಇರಲಿಲ್ಲ.

ಮುಂದಿನ ಜೂನ್‌ನಲ್ಲಿ ಆ ಮೇಡಂಗೆ ನಮ್ಮ ಶಾಲೆ ಸಿಗಲಿಲ್ಲ. ಇಟ್ಟಿಗೆ ಯಾರೋ ಕಿತ್ತು ಒಲೆಗೆ ಹಾಕಿಕೊಂಡರು. ಈಗ ಮತ್ತೆ ಕೋಲು ಬಂದಿದೆ.

ಇದನ್ನು ಒಬ್ಬರ ಒಳ್ಳೆಯತನದ ಮೇಲೆ ಬಿಡಬೇಡಿ ಅಂತ ಕೇಳಲು ಇಷ್ಟೆಲ್ಲ ಹೇಳಿದೆ. ಸ್ಕೌಟ್ಸ್, ಗೈಡ್ಸ್ ಇರುವ ಶಾಲೆಗಳಲ್ಲಿ ಸ್ವಲ್ಪ ಪರವಾಗಿಲ್ಲ. ಅಲ್ಲಿ ಆರೆಂಟು ಮಕ್ಕಳಿಗೆ ಪೆಟ್ರೋಲ್ ಅನ್ನುವ ಒಂದು ತಂಡ, ಅದಕ್ಕೆ ಅವರದೇ ಲೀಡರ್. ಡೇರೆ ಕಟ್ಟುವುದೂ ಅವರೇ, ಅಡುಗೆಯೂ ಅವರದೇ. ಸಣ್ಣ ಗುಂಪು, ಕೈಗೆ ನಿಜವಾದ ಕೆಲಸ. ಇದನ್ನೇ ಎಲ್ಲಾ ಶಾಲೆಗೂ ತರಲು ಸಮವಸ್ತ್ರ, ಸ್ಕಾರ್ಫ್ ಬೇಕಿಲ್ಲ. ಬೇಸಿಗೆಯಲ್ಲಿ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ ಅಂತ ನಡೆಯುತ್ತವಲ್ಲ, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಚಪ್ಪಾಳೆ ತಟ್ಟಿಸುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ, ತಿಂಡಿ ಚೆನ್ನಾಗಿರುತ್ತೆ.

ಮಕ್ಕಳ ಗ್ರಾಮ ಸಭೆಯ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳಿಗೆ ಅಂತಲೇ ಸಭೆ ಕರೆಯುತ್ತವೆ. ಪಿಡಿಒ ಬರುತ್ತಾರೆ, ಅಧ್ಯಕ್ಷರು ಬರುತ್ತಾರೆ. ಮಕ್ಕಳು ಎದ್ದು ಕೇಳುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿಗೆ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ಬೆಲೆ ಕೊಡಬೇಕು. ಭಾರತ 1992ರಲ್ಲೇ ಇದನ್ನು ಒಪ್ಪಿಕೊಂಡಿದೆ.

ನಾನು ಕೂತಿದ್ದ ಒಂದು ಸಭೆಯಲ್ಲಿ ಹುಡುಗಿಯೊಬ್ಬಳು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇಲ್ಲ ಅಂತ ಹೇಳಿದಳು. "ಗಮನಕ್ಕೆ ತೆಗೆದುಕೊಂಡಿದ್ದೇವೆ" ಅಂದರು. ಆಗ ಹಿಂದಿನ ಸಾಲಿಂದ ಒಬ್ಬ ಹುಡುಗ ಎದ್ದ. "ಸಾರ್, ಹೋದ ವರ್ಷವೂ ಇದೇ ಕೇಳಿದ್ವಿ. ಹೋದ ವರ್ಷದ ನಡವಳಿ ಪುಸ್ತಕ ತೋರಿಸ್ತೀರಾ?"

ಇಡೀ ಪೆಂಡಾಲು ಗಪ್‌ಚಿಪ್. ಮೇಷ್ಟ್ರೊಬ್ಬರು ಕೈಸನ್ನೆ ಮಾಡಿ ಅವನನ್ನು ಕೂರಿಸಿದರು. ಬಂದವರಿಗೆ ಬೇಜಾರಾಗುತ್ತೆ ಅಂತ. ಆಮೇಲೆ ಬಿಸ್ಕತ್ತು ಹಂಚಿದರು. ನಾನೂ ಅಲ್ಲೇ ಇದ್ದೆ ಸಾರ್. ಆ ಹುಡುಗ ಕೇಳಿದ್ದು ಸರಿ ಇದೆ ಅಂತ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಪಂಚಾಯಿತಿಯಲ್ಲಿ ನನ್ನದೊಂದು ಬಿಲ್ ಬಾಕಿ ಇತ್ತು.

ನಿಮ್ಮಿಂದ ಆಗಬೇಕಾದ್ದು ಒಂದು ಸುತ್ತೋಲೆ. ಪಂಚಾಯಿತಿ ನಿಮ್ಮ ಇಲಾಖೆಯ ಕೆಳಗೆ ಬರಲ್ಲ, ಗೊತ್ತು. ಆದರೆ ಸಭೆಯಲ್ಲಿ ಮಕ್ಕಳು ಏನು ಕೇಳಿದರು ಅಂತ ಶಾಲೆಯಲ್ಲಿ ಒಂದು ಪುಸ್ತಕ ಇಡಿಸಬಹುದು. ಪ್ರತಿ ತಿಂಗಳ ಮೊದಲ ಸೋಮವಾರ ಪ್ರಾರ್ಥನೆ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಅದನ್ನು ಓದಲಿ. ಉತ್ತರ ಬಂದಿದ್ದರೆ ಉತ್ತರ, ಬರದಿದ್ದರೆ ಬಂದಿಲ್ಲ ಅಂತ. ಇಷ್ಟು ಮಾಡಿದರೆ ಬಾಗಿಲು ಬರುತ್ತೋ ಇಲ್ಲವೋ ನೋಡೋಣ.

ಪ್ರಶ್ನೆ ಕೇಳುವ ಮಕ್ಕಳು ಅಂದಾಗ ನನಗೆ ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯ ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. 1936ರಲ್ಲಿ ಗಾಂಧೀಜಿ ವಿಶ್ರಾಂತಿಗೆ ಅಂತ ನಂದಿ ಬೆಟ್ಟಕ್ಕೆ ಬಂದಿದ್ದರು. ಅದೇ ವರ್ಷ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೂ ಹೋದರು. ಅಲ್ಲಿ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದ್ದು ಈ ಹಳ್ಳಿ ಹುಡುಗ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ಯಾರಿಗೂ ಹೆದರದೆ ಪ್ರಶ್ನೆ ಕೇಳಿದರು, ಅದೆಲ್ಲ ನಿಮಗೆ ಗೊತ್ತು. ನನಗೆ ಕುತೂಹಲ ಇರುವುದು ಆ ಶಾಲೆಯ ಮೇಷ್ಟ್ರುಗಳ ಬಗ್ಗೆ. ಅಷ್ಟು ದೊಡ್ಡ ದಿನ. ಹಿಂದಿ ಬಲ್ಲ ದೊಡ್ಡವರು ಒಬ್ಬರೂ ಇರಲಿಲ್ವಾ? ಆದರೂ ಒಬ್ಬ ವಿದ್ಯಾರ್ಥಿಯನ್ನು ಗಾಂಧೀಜಿ ಪಕ್ಕ ನಿಲ್ಲಿಸಿ ತಾವು ಹಿಂದೆ ಸರಿದರು. ನಮ್ಮಲ್ಲಿ ಬಿಇಒ ಬರುತ್ತಾರೆ ಅಂದರೆ ಸ್ವಾಗತ ಭಾಷಣವನ್ನೂ ಮೇಷ್ಟ್ರೇ ಬರೆದು ಬಾಯಿಪಾಠ ಮಾಡಿಸುತ್ತಾರೆ.

ಇನ್ನು ದುಡ್ಡಿನ ವಿಷಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 100ಕ್ಕಿಂತ ಹೆಚ್ಚು, 250ರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನದ ಅಳತೆ ಇದೆ. ಅದು ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅನ್ನುವ ಮಾತು ಬೇಡ. ಬಂದದ್ದರಲ್ಲಿ 2,000 ರೂಪಾಯಿಗೆ ಏನು ತರಬೇಕು ಅಂತ ಮಕ್ಕಳ ಸಂಸತ್ತು ತೀರ್ಮಾನಿಸಲಿ. ಚೆಕ್ಕಿಗೆ ಸಹಿ ದೊಡ್ಡವರದೇ ಇರಲಿ. ಏನು ಕೊಳ್ಳಬೇಕು, ಮೂರು ಅಂಗಡಿಯಲ್ಲಿ ರೇಟು ಎಷ್ಟು, ಯಾವುದು ಬೇಡ, ಇದು ಮಕ್ಕಳ ಕೆಲಸ. ವಾಲಿಬಾಲ್ ಬೇಕು ಅನ್ನುವ ಹುಡುಗರು, ಸ್ಕಿಪ್ಪಿಂಗ್ ಹಗ್ಗ ಬೇಕು ಅನ್ನುವ ಹುಡುಗಿಯರು ಕಿತ್ತಾಡುತ್ತಾರೆ. ಕಿತ್ತಾಡಲಿ. ಆಡಿಟ್‌ನವರು ಕೇಳುತ್ತಾರೆ ಅಂತ ಮುಖ್ಯ ಶಿಕ್ಷಕರು ಹೆದರುತ್ತಾರೆ, ಆ ಹೆದರಿಕೆ ನಿಜ. ಅದಕ್ಕೇ ನಿಮ್ಮ ಸಹಿ ಇರುವ ಒಂದು ಹಾಳೆ ಬೇಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಸಾಂಸ್ಕೃತಿಕ ಮಂತ್ರಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ ಹುಡುಗಿಯರು. ಪ್ರಧಾನಿ, ಕ್ರೀಡೆ, ಹಣಕಾಸು ಹುಡುಗರು. ನಮ್ಮ ಶಾಲೆಯ ಮೂರು ವರ್ಷದ ಪಟ್ಟಿ ನೋಡಿದೆ, ಮೂರೂ ವರ್ಷ ಹೀಗೇ. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. 21 ತುಂಬಿದರೆ ನಿಲ್ಲಬಹುದು. ಗೆದ್ದ ಮೇಲೆ ಏನಾಗುತ್ತೆ ಅಂತ ನಾವು ನೋಡುತ್ತಲೇ ಇದ್ದೇವೆ. ಸಭೆಗೆ ಗಂಡ ಬರುತ್ತಾನೆ, ಮಾತು ಗಂಡನದು, ಸಹಿ ಮಾತ್ರ ಹೆಂಡತಿಯದು. ನಾವು ಅದನ್ನು ನೋಡಿ ನಗುತ್ತೇವೆ. 12 ವರ್ಷಕ್ಕೆ ರಂಗೋಲಿ ಹಾಕಲು, ಅತಿಥಿಗಳಿಗೆ ನೀರು ಕೊಡಲು ಕರೆದು, 21ಕ್ಕೆ ಅಧಿಕಾರ ನಡೆಸು ಅಂದರೆ ಎಲ್ಲಿಂದ ಬರಬೇಕು? ಒಂದು ವರ್ಷ ಹಣಕಾಸು ಹುಡುಗಿಯರಿಗೆ, ರಂಗೋಲಿ ಹುಡುಗರಿಗೆ ಕೊಡಿ. ನಮ್ಮ ಕಡೆ ಹುಡುಗರು ಹೂವಿನ ತೋಟದಲ್ಲಿ ಸೇವಂತಿಗೆ ಬಿಡಿಸುತ್ತಾರೆ, ಕೈ ಚುರುಕಾಗಿಯೇ ಇದೆ.

ಕೊನೆಯದಾಗಿ ಹತ್ತನೇ ತರಗತಿ. ಇದು ನಿಮ್ಮ ತಲೆನೋವು ಅಂತ ಗೊತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಅಂತ ಮೇಲಿನವರು ನಿಮ್ಮನ್ನು ಕೇಳುತ್ತಾರೆ. ನೀವು ಬಿಇಒಗಳನ್ನು, ಅವರು ಮುಖ್ಯ ಶಿಕ್ಷಕರನ್ನು ಕೇಳುತ್ತಾರೆ. ಹಾಗಾಗಿ ಹತ್ತಕ್ಕೆ ಬಂದ ಮಗುವಿಗೆ ಆಟ ಬಂದ್, ಸಂಸತ್ತು ಬಂದ್. ಬೆಳಗ್ಗೆ ಒಂದು ಸ್ಪೆಷಲ್ ಕ್ಲಾಸ್, ಸಂಜೆ ಒಂದು. ಆ ಮಗುವಿಗೆ ಆಗ 15, 16. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಸಂವಿಧಾನದ 61ನೇ ತಿದ್ದುಪಡಿ. ಅಂದರೆ ಇನ್ನು ಎರಡು ಮೂರು ವರ್ಷಕ್ಕೆ ಇವರು ಸರ್ಕಾರ ಆರಿಸುತ್ತಾರೆ. ಹತ್ತನೇ ತರಗತಿಯನ್ನು ಪೂರ್ತಿ ಬಿಟ್ಟುಕೊಡಿ ಅಂತ ನಾನು ಕೇಳುತ್ತಿಲ್ಲ. ಗಣಿತ ಬರುವ ನಾಲ್ಕು ಮಕ್ಕಳು ಬರದ ನಾಲ್ಕು ಮಕ್ಕಳಿಗೆ ವಾರಕ್ಕೆರಡು ಸಂಜೆ ಹೇಳಿಕೊಡಲಿ. ಯಾರು ಯಾರಿಗೆ, ಎಲ್ಲಿಂದ ಶುರು, ಅವರೇ ತೀರ್ಮಾನಿಸಲಿ. ಫಲಿತಾಂಶಕ್ಕೂ ನಷ್ಟ ಇಲ್ಲ ಅಲ್ವಾ?

ಶಾಲೆ ಶುರುವಾದ ಮೇಲೆ ಜೂನ್, ಜುಲೈನಲ್ಲಿ ಮತ್ತೆ ಎಲ್ಲ ಕಡೆ ಸಂಸತ್ತಿನ ಚುನಾವಣೆ ನಡೆಯುತ್ತೆ. ಅದಕ್ಕೆ ಮುಂಚೆ ಒಂದು ಸುತ್ತೋಲೆ ಹೊರಡಿಸಿ. ಪ್ರತಿ ಮಂತ್ರಿಯ ಹೆಸರಿನ ಮುಂದೆ ಎರಡು ಸಾಲು ಬರೆಯಿಸಿ: ಈ ಮಗು ಯಾವ ಬೀಗದ ಕೈ ಇಟ್ಟುಕೊಳ್ಳುತ್ತೆ, ಯಾವ ಪುಸ್ತಕದಲ್ಲಿ ಲೆಕ್ಕ ಬರೆಯುತ್ತೆ. ಈ ಎರಡು ಸಾಲು ತುಂಬಲು ಆಗದ ಖಾತೆ ಇದ್ದರೆ ಆ ಖಾತೆಯನ್ನೇ ತೆಗೆದುಹಾಕಿ. ಹದಿನೈದು ಮಂತ್ರಿಗಳು ನಾಲ್ಕಾದರೂ ಚಿಂತೆಯಿಲ್ಲ.

ಮಗಳಿಗೆ ಈ ಪತ್ರ ಓದಿಸಿದೆ. ಅಕ್ಕಿ ಲೆಕ್ಕ ಸರಿ ಇದೆ ಅಂದಳು. ತೊದಲುವ ಹುಡುಗ ಈಗ ಅವಳ ಹೈಸ್ಕೂಲಿನಲ್ಲೇ ಇದ್ದಾನಂತೆ, ಅಲ್ಲೂ ಅವನನ್ನು ಯಾರೂ ಏನೂ ಕೇಳಿಲ್ಲವಂತೆ. ಅದನ್ನೂ ಬರಿ ಅಪ್ಪಾ ಅಂದಳು, ಬರೆದಿದ್ದೇನೆ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ,
ಶಿಡ್ಲಘಟ್ಟ ತಾಲ್ಲೂಕು